ಶಾಲೆಗೆ 43 ಇಂಚಿನ ಟಿವಿ ಬಂದಿದೆ, ಮುಂದೇನು?

ಘಟ್ಟದ ಟೀಚರ್

ನಮ್ಮದು ಮಲೆನಾಡಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸು, 19 ಮಕ್ಕಳು, ಇಬ್ಬರು ಟೀಚರು. ನಾನು ಒಂದು, ಎರಡು, ಮೂರನ್ನು ಒಟ್ಟಿಗೆ ಕೂರಿಸಿಕೊಂಡು, ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ನಡೆಸುತ್ತೇನೆ. ನಾಲ್ಕು-ಐದಕ್ಕೆ ಪರಿಸರ ಪಾಠವೂ ನನ್ನದೇ.

ಹೋದ ತಿಂಗಳು ಹಳೇ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟರು. ಕುಂಕುಮ ಹಚ್ಚಿ, ಕಾಯಿ ಒಡೆದು ಉದ್ಘಾಟನೆಯೂ ಆಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗಂತೂ ಖುಷಿಯೋ ಖುಷಿ.

ಮೊದಲ ವಾರ ಶಿಶುಗೀತೆ ಹಾಕಿದೆ. ಎಲ್ಲರೂ ಕುಣಿದರು. ಎರಡನೇ ವಾರ ನಾಲ್ಕು-ಐದಕ್ಕೆ ನೀರಿನ ಚಕ್ರದ ವಿಡಿಯೋ ತೋರಿಸಿದೆ. ಮುಗಿದ ಮೇಲೆ "ಆವಿ ಅಂದ್ರೇನು?" ಅಂತ ಕೇಳಿದೆ. ಒಬ್ಬ ಎದ್ದು ನಿಂತು, ಥೇಟ್ ವಿಡಿಯೋದ ದನಿಯಲ್ಲೇ "ಮಕ್ಕಳೇ, ಆವಿ ಎಂದರೆ ನೀರಿನ ಅನಿಲ ರೂಪ" ಅಂದ. ಆ "ಮಕ್ಕಳೇ" ಕೂಡ ಬಿಡಲಿಲ್ಲ. ಅದೇ ಹೊತ್ತಿಗೆ ಪಕ್ಕದ ಅಡುಗೆ ಕೋಣೆಯಲ್ಲಿ ಬಿಸಿಯೂಟದ ಸಾರು ಕುದಿಯುತ್ತಿತ್ತು. ಕಿಟಕಿಯಿಂದ ಹೊರಗೆ ಹೋಗುತ್ತಿರುವುದು ಏನು ಅಂತ ಕೇಳಿದೆ. "ಹೊಗೆ" ಅಂದ.

ಈ ಟಿವಿಯನ್ನು ಕ್ಲಾಸಿನಲ್ಲಿ ನಿಜವಾಗಿ ಬಳಸಿದವರು ಯಾರಾದರೂ ಇದ್ದರೆ ಹೇಳಿ. ತಂತ್ರಜ್ಞಾನ ಬೇಕೋ ಬೇಡವೋ ಅನ್ನುವ ಭಾಷಣ ಮಾತ್ರ ಬೇಡ. ಅದನ್ನು ತರಬೇತಿಯಲ್ಲಿ ಸಾಕಷ್ಟು ಕೇಳಿದ್ದೇನೆ.

ಲೇಔಟ್ ಅಪ್ಪ

ಮೇಡಂ, ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇರುತ್ತಲ್ಲ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಪ್ರಶ್ನೆ ಎಲ್ಲ ಬರುತ್ತೆ. ದೀಕ್ಷಾ 2017ರಿಂದಲೇ ಇದೆ. ನನ್ನ ಮಗಳಿಗೆ ಮನೆಯಲ್ಲಿ ಹಾಗೇ ಮಾಡಿಸುತ್ತೇನೆ. ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯಬಹುದು. ನಾನು ಸಾಫ್ಟ್‌ವೇರ್‌ನವನು, ಸೆಟಪ್‌ಗೆ ಸಹಾಯ ಬೇಕಿದ್ದರೆ ಹೇಳಿ.

ಘಟ್ಟದ ಟೀಚರ್

ಧನ್ಯವಾದ ಸರ್. ಸ್ಕ್ಯಾನ್ ಮಾಡಲು ಇರುವುದು ಒಂದೇ ಫೋನು, ಅದೂ ನನ್ನದು. ಸಿಗ್ನಲ್ ಬರುವುದು ಧ್ವಜದ ಕಂಬದ ಹತ್ತಿರ ಮಾತ್ರ. ಪೇಟೆಗೆ ಮೀಟಿಂಗಿಗೆ ಹೋದಾಗ ದೀಕ್ಷಾದಿಂದ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ. ಹಾಗಾಗಿ ಸಾಮಗ್ರಿಗೆ ಬರವಿಲ್ಲ. ತೋರಿಸಿದ ಮೇಲೆ ಏನು ಅನ್ನುವುದೇ ನನ್ನ ಪ್ರಶ್ನೆ.

ತಮ್ಮ ವೇಗದಲ್ಲಿ ಕಲಿಯುವುದು ಅಂದಿರಲ್ಲ, ಅದು ನಮ್ಮಲ್ಲಿ ಟಿವಿ ಬರುವ ಮುಂಚೆಯೇ ಇತ್ತು. ಕಾರ್ಡಿನಲ್ಲಿ.

ಪೆನ್ಷನ್ ಮೇಷ್ಟ್ರು

ಟೀಚರಮ್ಮ, ನಿಮ್ಮ ಹುಡುಗನ "ಮಕ್ಕಳೇ" ಓದಿ ಒಬ್ಬನೇ ಕೂತು ನಕ್ಕೆ. ನನ್ನ ಅನುಭವ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ಕಾಲದಲ್ಲಿ ಮೊದಲು ಬಂದದ್ದು ರೇಡಿಯೋ. ಆಕಾಶವಾಣಿಯಲ್ಲಿ 'ಕೇಳಿ ಕಲಿ' ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮೇಲೆ ರೇಡಿಯೋ ಇಟ್ಟು ಮಕ್ಕಳನ್ನು ಸುತ್ತ ಕೂರಿಸುವುದು. ಆಮೇಲೆ 2004ರಲ್ಲಿ ಇಸ್ರೋದವರು ಎಜುಸ್ಯಾಟ್ ಹಾರಿಸಿದರು. ಪಾಠಕ್ಕೆಂದೇ ಮಾಡಿದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲೂ ಅದರ ಪ್ರಯೋಗ ನಡೆಯಿತು. ನಾನು ಆಗ ಆ ಕಡೆಯೇ ಇದ್ದೆ. ಶಾಲೆ ಮಾಡಿನ ಮೇಲೆ ಡಿಶ್ಶು, ಒಳಗೆ ಟಿವಿ. ಊರಿನವರೆಲ್ಲ ನೋಡಲು ಬಂದಿದ್ದರು.

ಪಾಠ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ರೇಡಿಯೋಗಾಗಲಿ ಉಪಗ್ರಹಕ್ಕಾಗಲಿ ನಮ್ಮ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಹಿಂದಿನ ಸಾಲಿನ ಹುಡುಗಿ ಹುಬ್ಬು ಗಂಟು ಹಾಕಿಕೊಂಡಿದ್ದಾಳೆ, ಅವಳಿಗೆ ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು. ಏನು ಮಾಡುವುದು? ಪಾಠ ಮುಂದೆ ಓಡುತ್ತಿತ್ತು. ಕರೆಂಟು ಹೋದರೆ ಅರ್ಧ ಪಾಠ ಕೈತಪ್ಪಿತು, ಮತ್ತೆ ಸಿಗುವುದಿಲ್ಲ.

ಈಗ ನಿಮ್ಮ ಟಿವಿಯಲ್ಲಿ ನಿಲ್ಲಿಸುವ ಗುಂಡಿ ಇದೆ. ನನಗೆ ಅದು ಇರಲಿಲ್ಲ. ಹತ್ತು ನಿಮಿಷದ ವಿಡಿಯೋವನ್ನು ಹತ್ತು ನಿಮಿಷದಲ್ಲೇ ಮುಗಿಸಬೇಕು ಅಂತ ಯಾವ ಸುತ್ತೋಲೆಯಲ್ಲೂ ಇಲ್ಲ. ಎರಡು ನಿಮಿಷ ತೋರಿಸಿ, ನಿಲ್ಲಿಸಿ, ಹೊರಗೆ ಕರೆದುಕೊಂಡು ಹೋಗಿ. ಪಕ್ಕದಲ್ಲೇ ಅಡುಗೆ ಕೋಣೆ ಇದೆ ಅಂದಿರಲ್ಲ.

ಸುಮ್ನೆ ಓದುವವ

ಮೇಷ್ಟ್ರು ಒಂದೇ ಗುಂಡಿಯಲ್ಲಿ ಮುಗಿಸಿಬಿಟ್ಟರು 😀

ಮೂರು ಮಕ್ಕಳ ತಾಯಿ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. ನನ್ನ ದೊಡ್ಡ ಮಗ ಸರ್ಕಾರಿ ಶಾಲೆಯಲ್ಲೇ ನಲಿ-ಕಲಿಯಲ್ಲಿ ಕಲಿತ. ಮೂರನೇ ಕ್ಲಾಸಿಗೆ ಬಂದರೂ ಅ ಆ ಇ ಈ ವರಸೆಯಾಗಿ ಹೇಳಲು ಬರುತ್ತಿರಲಿಲ್ಲ. ಕೇಳಿದರೆ ರ ಗ ಸ ದ ಅ ಅನ್ನುತ್ತಿದ್ದ. ಮೂರು ಕ್ಲಾಸಿನವರು ಒಂದೇ ರೂಮಿನಲ್ಲಿ, ಗಲಾಟೆಯೋ ಗಲಾಟೆ. ಹೋಂವರ್ಕ್ ಇಲ್ಲ, ಪುಸ್ತಕ ಮನೆಗೆ ಬರುವುದಿಲ್ಲ. ಮಗು ಏನು ಕಲಿಯುತ್ತಿದೆ ಅಂತ ನಮಗೆ ತಿಳಿಯುವುದು ಹೇಗೆ? ಉಳಿದಿಬ್ಬರನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಹೊಸ ವಿಧಾನ ಅಂತ ಪ್ರಯೋಗ ಮಾಡಲು ಬಡವರ ಮಕ್ಕಳೇ ಯಾಕೆ ಸಿಗುತ್ತಾರೆ?

ಪೆನ್ಷನ್ ಮೇಷ್ಟ್ರು

ತಾಯಿ, ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಇನ್ನರ್ಧಕ್ಕೆ ಕಥೆ ಹೇಳುತ್ತೇನೆ.

ನಲಿ-ಕಲಿ ಹುಟ್ಟಿದ್ದು ಬೆಂಗಳೂರಿನ ಆಫೀಸಿನಲ್ಲಿ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಕಾಡಂಚಿನ ಆದಿವಾಸಿ ಹಾಡಿಗಳು, ಒಬ್ಬೊಬ್ಬರೇ ಮೇಷ್ಟ್ರು, ಸುಗ್ಗಿ ಬಂದರೆ ತಿಂಗಳುಗಟ್ಟಲೆ ನಾಪತ್ತೆಯಾಗುವ ಮಕ್ಕಳು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಸುತ್ತಲ ಹಳ್ಳಿಗಳಲ್ಲಿ ಅವರು ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ವಾಪಸ್ ಬಂದು ತಾವೇ ಕೂತು ಕನ್ನಡದ ಕಾರ್ಡು ಬರೆದರು. ಮಗು ಒಂದು ತಿಂಗಳು ಬಿಟ್ಟು ಬಂದರೂ, ಬಿಟ್ಟ ಕಾರ್ಡಿನಿಂದಲೇ ಶುರು ಮಾಡಬಹುದು. ಫೇಲಿನ ಭಯ ಇಲ್ಲ. ಅದೇ ಇದರ ಗುಟ್ಟು.

ತೊಂದರೆ ಆದದ್ದು ಆಮೇಲೆ. ಒಂದು ತಾಲ್ಲೂಕಿನ ಮೇಷ್ಟ್ರುಗಳು ಬೆವರು ಸುರಿಸಿ ಮಾಡಿಕೊಂಡದ್ದು ರಾಜ್ಯಕ್ಕೆಲ್ಲ ಹರಡಿದಾಗ, ಉಳಿದವರಿಗೆ ಅದು ಮೇಲಿನಿಂದ ಬಂದ ಪೆಟ್ಟಿಗೆಯಾಯಿತು. ಕಾರ್ಡು ಹರಿದರೆ ಹೊಸದು ಬರುವುದು ಯಾವಾಗಲೋ. ತಿಂಗಳಿಗೊಂದು ಮಾಹಿತಿ ಫಾರಂ ಬೇರೆ. ನಿಮ್ಮ ಮಗನ ರೂಮಿನ ಗಲಾಟೆ ಯಾವ ಗಲಾಟೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಲಿಯುವ ಗಲಾಟೆಯೂ ಇರುತ್ತೆ, ಟೀಚರ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಸಿಕ್ಕಿಕೊಂಡ ಗಲಾಟೆಯೂ ಇರುತ್ತೆ.

ಘಟ್ಟದ ಟೀಚರ್

ಅಮ್ಮಾ, ರ ಗ ಸ ದ ಅ ಬಗ್ಗೆ ನಾನು ಹೇಳುತ್ತೇನೆ. ಇದು ನನ್ನ ದಿನದ ಕೆಲಸ.

ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ, ಮಾತಿನಲ್ಲಿ ಜಾಸ್ತಿ ಬರುತ್ತವೆ ಅಂತ ಆ ಐದು ಅಕ್ಷರ ಮೊದಲು. ಐದು ಕಲಿತ ವಾರದಲ್ಲೇ ಮಗು ಸರ, ರಸ, ಅರಸ, ಅಗಸ, ಗರಗಸ ಓದುತ್ತದೆ. ಮುಂದಿನ ಗುಂಪು ಜ ವ ಮ ಬ ನ. ಈಗ ಹತ್ತು ಅಕ್ಷರ ಆಯಿತು. "ಅರಸನ ಮಗ", "ಬಸವನ ದನ" ಅಂತ ಇನ್ನೂ ಒಂದು ಕಾಗುಣಿತವನ್ನೂ ಮುಟ್ಟದ ಮಗು ಓದಿಬಿಡುತ್ತದೆ. ವರ್ಣಮಾಲೆಯ ದಾರಿಯಲ್ಲಿ ಹೋದರೆ ಈ ಹೊತ್ತಿಗೆ ಅದು ಇನ್ನೂ ಋ ಹತ್ತಿರ ಒದ್ದಾಡುತ್ತಿರುತ್ತದೆ. ಋಷಿ ಬಿಟ್ಟರೆ ಋ ಇರುವ ಇನ್ನೊಂದು ಪದ ಆರು ವರ್ಷದ ಮಗುವಿಗೆ ಯಾಕೆ ಬೇಕು ಹೇಳಿ.

ಹೋದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಒಬ್ಬಳು ಮೂರು ತಿಂಗಳು ಬಾಯಿ ಬಿಡಲಿಲ್ಲ. ಗರಗಸ ಕಾರ್ಡು ಬಂದ ದಿನ ಅದನ್ನೇ ನೋಡುತ್ತಾ ಕೂತಳು. ಅವಳಪ್ಪ ಮರಗೆಲಸದವರು. ಬೆರಳಿಟ್ಟು "ಗ... ರ... ಗ... ಸ" ಅಂದು, ತಲೆ ಎತ್ತಿ, "ಇದು ನಮ್ಮನೇಲಿದೆ" ಅಂದಳು. ಶಾಲೆಯಲ್ಲಿ ಅವಳ ಮೊದಲ ಮಾತು ಅದು.

ಮನೆಗೆ ಏನೂ ತಿಳಿಯುವುದಿಲ್ಲ ಅಂದಿರಲ್ಲ, ಅದು ಮಾತ್ರ ನಮ್ಮ ತಪ್ಪೇ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಯಾವ ಮಗು ಕಲಿಕೆಯ ಏಣಿಯ ಎಷ್ಟನೇ ಮೆಟ್ಟಿಲಿನಲ್ಲಿದೆ ಅಂತ ಇರುತ್ತದೆ. ಅದನ್ನು ಓದುವುದು ಹೇಗೆ ಅಂತ ತಂದೆ-ತಾಯಿಗೆ ನಾವು ಹೇಳಿಕೊಡುವುದಿಲ್ಲ.

ಮೂರು ಮಕ್ಕಳ ತಾಯಿ

ಗರಗಸದ ಹುಡುಗಿ ಇಷ್ಟವಾದಳು. ನಿಮ್ಮಂಥ ಟೀಚರ್ ಸಿಕ್ಕಿದ್ದರೆ ಬಹುಶಃ ಬಿಡಿಸುತ್ತಿರಲಿಲ್ಲ. ಆದರೆ ಎಲ್ಲರಿಗೂ ನಿಮ್ಮಂಥವರು ಸಿಗುವುದಿಲ್ಲ, ಅಲ್ವಾ? ನನ್ನ ಪ್ರಶ್ನೆ ಹಾಗೇ ಇದೆ.

ಭಾನುವಾರದ ಕ್ಲಾಸ್

ನಾನು ಅಮೆರಿಕದಲ್ಲಿ ಕನ್ನಡದ ಮಕ್ಕಳಿಗೆ ವಾರಕ್ಕೊಂದು ದಿನ ಕನ್ನಡ ಹೇಳಿಕೊಡುತ್ತೇನೆ. ಕೋವಿಡ್ ಕಾಲದಿಂದ ಜೂಮ್‌ನಲ್ಲೇ. ನಮ್ಮ ಮಕ್ಕಳಿಗೆ ಮಾತು ಅಲ್ಪಸ್ವಲ್ಪ ಬರುತ್ತದೆ, ಅಕ್ಷರ ಬರುವುದಿಲ್ಲ. ಎರಡು ವರ್ಷದಿಂದ ಅ ಆ ಇ ಈ ಮಾಡಿಸುತ್ತಿದ್ದೇನೆ. ಅಃ ಬರುವ ಹೊತ್ತಿಗೆ ಬೇಸಿಗೆ ರಜೆ, ರಜೆ ಮುಗಿಸಿ ಬಂದರೆ ಮತ್ತೆ ಅ. ಈ ಹತ್ತು ಅಕ್ಷರದ ದಾರಿ ನನಗೆ ಗೊತ್ತೇ ಇರಲಿಲ್ಲ. ಈ ಭಾನುವಾರವೇ ನೋಡುತ್ತೇನೆ.

ಕಿವಿಯಿಂದ ಓದುವವಳು

ಎಲ್ಲರೂ ಪರದೆ ಪರದೆ ಅಂತಿದ್ದೀರಿ, ನನ್ನದೂ ಒಂದು ಮಾತು. ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಪಿಯುಸಿ ತನಕ ಬ್ರೈಲ್ ಪುಸ್ತಕ ಸಿಕ್ಕಷ್ಟು ಓದಿದೆ, ಉಳಿದದ್ದು ಅಮ್ಮ, ತಂಗಿ ಓದಿ ಹೇಳಿದರು. ಪರೀಕ್ಷೆ ಹತ್ತಿರ ಬಂದಾಗ ತಂಗಿಗೂ ಪರೀಕ್ಷೆ. ಅವಳ ಓದು ಬಿಡಿಸಿ ನನ್ನದು ಓದಿಸಿಕೊಳ್ಳುವುದು ಹೇಗಿರುತ್ತದೆ ಅಂತ ಊಹಿಸಿ.

ಡಿಗ್ರಿಗೆ ಬಂದಾಗ ಎನ್‌ವಿಡಿಎ ಸಿಕ್ಕಿತು. ಕಂಪ್ಯೂಟರಿನಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ, ಉಚಿತ. ಆಸ್ಟ್ರೇಲಿಯಾದ ಇಬ್ಬರು ಹುಡುಗರು 2006ರಲ್ಲಿ ಶುರು ಮಾಡಿದ್ದು, ಇಬ್ಬರೂ ನನ್ನ ಹಾಗೇ ಕಣ್ಣು ಕಾಣದವರು. ಅದರಲ್ಲಿ ಬರಹವನ್ನು ದನಿಯಾಗಿಸುವ ಇ-ಸ್ಪೀಕ್‌ನ ಕನ್ನಡ ದನಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗಿದೆ. ಪರವಾಗಿಲ್ಲ, ಒಂದೇ ವಾರದಲ್ಲಿ ಕಿವಿಗೆ ಒಗ್ಗಿತು. ಯಾರನ್ನೂ ಕೇಳದೆ ರಾತ್ರಿ ಎರಡು ಗಂಟೆಗೆ ಒಬ್ಬಳೇ ಓದಿದ್ದು ಜೀವನದಲ್ಲಿ ಅದೇ ಮೊದಲು.

ಈಗ ಟೀಚರುಗಳಿಗೆ ನನ್ನ ಬೇಡಿಕೆ. ನಿಮ್ಮಲ್ಲಿ ತುಂಬಾ ಜನ ಈಗಲೂ ನೋಟ್ಸು, ಪ್ರಶ್ನೆಪತ್ರಿಕೆಯನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡುತ್ತೀರಿ. ನಿಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಗುರುತುಗಳ ಸಾಲು. ನೀವು "ಕನ್ನಡ" ಅಂತ ಟೈಪಿಸಿದ್ದನ್ನು ನನ್ನ ಎನ್‌ವಿಡಿಎ ಪಿ, ಪೌಂಡ್, ಕ್ಯೂ ಅಂತ ಏನೇನೋ ಓದುತ್ತದೆ. ಬ್ರಿಟನ್ನಿನ ದುಡ್ಡಿನ ಗುರುತೇ ಅಲ್ಲಿ ನಮ್ಮ ನ! ಕಂಪ್ಯೂಟರಿಗೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹೊಸ ನುಡಿಯಲ್ಲೇ ಆ ಆಯ್ಕೆ ಇದೆ, ಕೀಲಿಮಣೆ ಅದೇ. ಹಳೇ ಫೈಲುಗಳಿಗೆ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ನಿಮ್ಮ ಕ್ಲಾಸಿನಲ್ಲಿ ನನ್ನಂಥವರು ಇಲ್ಲದಿದ್ದರೂ ಆ ನೋಟ್ಸು ಎಲ್ಲೋ ಸುತ್ತಿ ನಮ್ಮ ಕೈಗೆ ಬರುತ್ತದೆ.

ಲೇಔಟ್ ಅಪ್ಪ

ಇಷ್ಟು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಇದು ತಲೆಗೇ ಹೊಳೆದಿರಲಿಲ್ಲ. ಯಾವ ಟೀಚರಿಗಾದರೂ ಹಳೇ ಫೈಲ್ ಬದಲಾಯಿಸಬೇಕಿದ್ದರೆ ಇಲ್ಲಿ ಹೇಳಿ, ನಾನು ಮಾಡಿಕೊಡುತ್ತೇನೆ. ರಾಶಿ ಇದ್ದರೂ ಸರಿ.

ಹೈಸ್ಕೂಲ್ ಕನ್ನಡ

ಸರ್, ನನ್ನ ಹತ್ತಿರ 11 ವರ್ಷದ್ದು ಇದೆ. ಮಾತು ವಾಪಸ್ ತೆಗೆದುಕೊಳ್ಳಬೇಡಿ.

ನಮ್ಮ ಕಡೆ ಬೇರೆ ಕಥೆ. ಒಂಬತ್ತನೇ ಕ್ಲಾಸಿಗೆ "ನಮ್ಮೂರ ಜಾತ್ರೆ" ಪ್ರಬಂಧ ಕೊಟ್ಟಿದ್ದೆ. 40 ಪ್ರಬಂಧದಲ್ಲಿ 26 ಒಂದೇ ತರ. "ಜಾತ್ರೆಯು ನಮ್ಮ ಸಂಸ್ಕೃತಿಯ ಪ್ರತಿಬಿಂಬವಾಗಿದೆ" ಅಂತ ಶುರು, ಊರೆಲ್ಲ ವಿದ್ಯುದ್ದೀಪಗಳಿಂದ ಕಂಗೊಳಿಸುತ್ತಿತ್ತು ಅಂತ ನಡು. ನಮ್ಮೂರ ತೇರು ಎಳೆಯುವುದು ಮಟಮಟ ಮಧ್ಯಾಹ್ನ. ಸಂಜೆಗೆ ಅಂಗಡಿಗಳೆಲ್ಲ ಗಂಟು ಕಟ್ಟಿರುತ್ತವೆ. ಅಣ್ಣನ ಫೋನಿನಲ್ಲಿ ಎಐಗೆ ಕೇಳಿ ಬರೆದಿದ್ದಾರೆ ಅಂತ ಆಗ ಗೊತ್ತಾಯಿತು.

ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ನಾವು ಗೈಡ್ ನೋಡಿ ಬರೆದವರೇ ತಾನೇ? ಗೈಡಿನ ಕಳ್ಳತನ ನಮ್ಮ ಮೇಷ್ಟ್ರಿಗೆ ಗೊತ್ತಿದ್ದೂ ರೈಟ್ ಹಾಕುತ್ತಿದ್ದರು. ಮಾರನೇ ದಿನ ಒಂದು ಪ್ರಬಂಧವನ್ನು ಬೋರ್ಡಿನ ಮೇಲೆ ಬರೆದು, "ಇದರಲ್ಲಿ ನಮ್ಮೂರಿನದಲ್ಲದ್ದು ಏನೇನಿದೆ ಹುಡುಕಿ" ಅಂದೆ. ಒಂದು ಗಂಟೆ ಕ್ಲಾಸು ಸಾಲಲಿಲ್ಲ. ತೇರಿನ ಹೊತ್ತು ತಪ್ಪು. ಆನೆ ಬಂದಿಲ್ಲ. ಅಂಬಾರಿ ನಮ್ಮೂರಿಗೆ ಯಾಕೆ ಬರುತ್ತೆ. ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆಯುವುದು ಬಂದೇ ಇಲ್ಲ. ಹಿಂದಿನ ಬೆಂಚಿನವನೊಬ್ಬ, ವರ್ಷದಲ್ಲಿ ಎರಡು ಸಲ ಬಾಯಿ ಬಿಡುವವನು, "ಸಾರ್, ಕಡ್ಲೆಪುರಿ ಮಾರೋ ಅಜ್ಜಿ ಇಲ್ಲ" ಅಂದ. ಅವನ ಅಜ್ಜಿ ಅದು. ಆಮೇಲೆ ಅವನು ಬರೆದುಕೊಟ್ಟದ್ದು ಒಂದೂವರೆ ಪುಟ, ಒತ್ತಕ್ಷರ ಅರ್ಧ ತಪ್ಪು. ನಾನು ಕೊಟ್ಟಿದ್ದು ಹತ್ತಕ್ಕೆ ಒಂಬತ್ತು.

ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಆ ಒಂದೂವರೆ ಪುಟಕ್ಕೆ ಏನು ಬೆಲೆ ಅಂತ ಕೇಳಬೇಡಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89% ಇದ್ದ ಫಲಿತಾಂಶ 73.40%ಗೆ ಇಳಿಯಿತು. ಅದೂ ಕೃಪಾಂಕವನ್ನು ಆ ವರ್ಷದ ಮಟ್ಟಿಗೆ 10%ರಿಂದ 20%ಗೆ ಏರಿಸಿದ ಮೇಲೆ. ತಂತ್ರಜ್ಞಾನ ಶಾಲೆಗೆ ಏನು ಮಾಡಿತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದು. ಕ್ಯಾಮೆರಾ ಯಾರಿಗೂ ಏನೂ ಕಲಿಸಲಿಲ್ಲ. ಎಷ್ಟು ಕಲಿಸಿರಲಿಲ್ಲ ಅಂತ ತೋರಿಸಿತು.

ಸುಮ್ನೆ ಓದುವವ

ನಮ್ಮ ಕಾಲದಲ್ಲಿ ಕ್ಯಾಮೆರಾ ಇದ್ದಿದ್ದರೆ ನಾನು ಇವತ್ತು ಇಲ್ಲಿ ಟೈಪ್ ಮಾಡುತ್ತಿರಲಿಲ್ಲ, ಅಡಿಕೆ ಸುಲಿಯುತ್ತಿದ್ದೆ.

ಘಟ್ಟದ ಟೀಚರ್

ಮೂರು ವಾರ ಆಯಿತು, ಏನು ಮಾಡಿದೆ ಅಂತ ಹೇಳಬೇಕಲ್ಲ.

ಮೇಷ್ಟ್ರು ಹೇಳಿದ ಹಾಗೆ ನೀರಿನ ಚಕ್ರವನ್ನು ಮತ್ತೆ ಹಾಕಿದೆ. ಆವಿ ಬಂದ ಕೂಡಲೇ ನಿಲ್ಲಿಸಿ ಎಲ್ಲರನ್ನೂ ಅಡುಗೆ ಕೋಣೆ ಬಾಗಿಲಿಗೆ ಕರೆದುಕೊಂಡು ಹೋದೆ. ಅಡುಗೆಯಕ್ಕ ಸಾರಿನ ಮುಚ್ಚಳ ಎತ್ತಿ, ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರು. ತಟ್ಟೆಯ ತಳದಲ್ಲಿ ಹನಿ ಕೂತಿತು. "ಮಕ್ಕಳೇ" ಅಂದಿದ್ದ ಹುಡುಗ ಬೆರಳಲ್ಲಿ ಮುಟ್ಟಿ ನೆಕ್ಕಿದ. "ಟೀಚರ್, ಸಾರಿನ ರುಚಿ ಇಲ್ಲ, ಬರೀ ನೀರು!" ಅಂದ. ಉಪ್ಪು, ಖಾರ ಎಲ್ಲಿ ಹೋಯಿತು ಅಂತ ಕೇಳಿದೆ. ಪಾತ್ರೆಯಲ್ಲೇ ಉಳಿಯಿತು ಅಂದ. ಹಾಗಾದರೆ ಸಮುದ್ರದ ನೀರು ಮೇಲೆ ಹೋಗಿ ಮಳೆಯಾದರೆ ಮಳೆ ಯಾಕೆ ಉಪ್ಪಿಲ್ಲ ಅಂತ ನಾನು ಕೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಐದನೇ ಕ್ಲಾಸಿನವಳೇ ಕೇಳಿದಳು. ವಾಪಸ್ ಬಂದು ಟಿವಿ ಮತ್ತೆ ಶುರು ಮಾಡಿದಾಗ ಮೋಡದ ಚಿತ್ರ ನೋಡುವ ಅವರ ಕಣ್ಣೇ ಬೇರೆ ಇತ್ತು. ಎಂಟು ನಿಮಿಷದ ವಿಡಿಯೋ ಎರಡು ದಿನ ಹಿಡಿಯಿತು.

ಇನ್ನೊಂದು, ಚಿಕ್ಕವರಿಗೆ. ಮಗು ಕಾರ್ಡು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ಕೇಳಿಸಿದೆ. ತಮ್ಮ ದನಿ ಕೇಳಿ ಮೊದಲು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಆಮೇಲೆ ತಮ್ಮ ತಪ್ಪು ತಾವೇ ಹಿಡಿದರು. "ಅಗಸನ" ಅನ್ನಬೇಕಾದಲ್ಲಿ "ಅರಸನ" ಅಂದಿದ್ದೇನೆ, ಇನ್ನೊಂದು ಸಲ ಮಾಡಿ ಅಂತ ಕಾಟ. ಒಂದು ಮಗು ಒಂದೇ ಸಾಲನ್ನು ಆರು ಸಲ ಓದಿತು. ನಾನು ಓದು ಅಂದಿದ್ದರೆ ಎರಡನೇ ಸಲಕ್ಕೇ ಬಾತ್‌ರೂಮಿಗೆ ಕೇಳುತ್ತಿತ್ತು.

ಶನಿವಾರ ಆರು ಜನ ತಂದೆ-ತಾಯಿಯನ್ನು ಕರೆಸಿ ಪ್ರಗತಿ ನೋಟ ತೋರಿಸಿದೆ, ಮಕ್ಕಳ ದನಿ ಕೇಳಿಸಿದೆ. ಇದು ಮೂರು ಮಕ್ಕಳ ತಾಯಿ ಅವರ ಮಾತಿನಿಂದ ಹೊಳೆದದ್ದು.

ಸರಿ ಬರದೇ ಇದ್ದದ್ದೂ ಇದೆ. ಹೆಸರು ಕಾಳು ಮೊಳಕೆ ಬರುವುದನ್ನು ದಿನಾ ಫೋಟೋ ತೆಗೆದು ಸಾಲಾಗಿ ತೋರಿಸೋಣ ಅಂತ ಹೊರಟೆ. ಮೂರನೇ ದಿನ ಇಲಿ ತಿಂದುಕೊಂಡು ಹೋಯಿತು.

ಭಾನುವಾರದ ಕ್ಲಾಸ್

ನಮ್ಮಲ್ಲೂ ಮೂರನೇ ಭಾನುವಾರ "ಬಸವನ ದನ" ಓದಿದರು. ದನ ಅಂದರೆ ಏನು ಅಂತ ಅರ್ಧ ಗಂಟೆ ವಿವರಿಸಬೇಕಾಯಿತು, ಅದು ಬೇರೆ ಮಾತು. ಒಬ್ಬನ ಅಜ್ಜಿ ದಾವಣಗೆರೆಯಿಂದ ವಿಡಿಯೋ ಕಾಲ್‌ಗೆ ಬಂದಿದ್ದರು. ಮೊಮ್ಮಗ ಅವರಿಗೆ "ಅರಸನ ಮಗ" ಅಂತ ಓದಿ ಹೇಳಿದ. ಅವರು ತಕ್ಷಣ "ಯಾವ ಅರಸ? ಆಮೇಲೆ ಏನಾಯ್ತು?" ಅಂದರು. ಈಗ ಮುಂದಿನ ಸಾಲು ನಾವೇ ಬರೆಯಬೇಕು, ಅದೂ ಹತ್ತೇ ಅಕ್ಷರದಲ್ಲಿ!

ಮೂರು ಮಕ್ಕಳ ತಾಯಿ

ಶನಿವಾರ ಬಂದವರಲ್ಲಿ ಎಷ್ಟು ಜನ ಅಪ್ಪಂದಿರು?

ಘಟ್ಟದ ಟೀಚರ್

ಒಬ್ಬರು. ಗರಗಸದವರು.

ಪೆನ್ಷನ್ ಮೇಷ್ಟ್ರು

ಟೀಚರಮ್ಮ, ಆ ಆರು ಸಲ ಓದಿದ ಮಗುವಿನ ರೆಕಾರ್ಡಿಂಗ್ ಇಲ್ಲಿ ಹಾಕುತ್ತೀರಾ? ಕೇಳಬೇಕು ಅನ್ನಿಸುತ್ತಿದೆ.

ಘಟ್ಟದ ಟೀಚರ್

ಕ್ಷಮಿಸಿ ಮೇಷ್ಟ್ರೇ, ಮಕ್ಕಳ ದನಿ ಶಾಲೆಯಿಂದ ಹೊರಗೆ ಹಾಕುವುದಿಲ್ಲ. ನೀವೇ ಬನ್ನಿ, ಎದುರಿಗೇ ಓದಿಸುತ್ತೇನೆ. ಪೇಟೆಯಿಂದ ಬೆಳಿಗ್ಗೆ 8ಕ್ಕೆ ಒಂದೇ ಬಸ್ಸು, ಕೊನೇ ಸ್ಟಾಪಿನಲ್ಲಿ ಇಳಿಯಿರಿ. ಬರುವಾಗ ಒಂದು ಪೆನ್‌ಡ್ರೈವ್ ತನ್ನಿ. ನಮ್ಮದನ್ನು ಐದನೇ ಕ್ಲಾಸಿನವರು ಎಲ್ಲೋ ಕಳೆದಿದ್ದಾರೆ.